ಹಿಂದೆ ಹೊಟ್ಟೆಯಿರುವ ಟಿವಿಯೋ, ಗೋಡೆಗಂಟುವ ಟಿವಿಯೋ

ಕೇಳುಗರಿಗೆ ನಮಸ್ಕಾರ.

ಮುಂಬಯಿ ಕಡೆ, ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮವರ ಕೆಲವು ಮನೆಗಳಲ್ಲಿ ಇನ್ನೂ ಒಂದು ಬಗೆಯ ಟಿವಿ ಕೂತಿದೆ. ಐವತ್ತು, ಅರುವತ್ತು ಇಂಚಿನ ಪರದೆ, ಹಿಂದೆ ಒಂದೂವರೆ, ಎರಡು ಅಡಿಯ ಹೊಟ್ಟೆ. ಇದು ರಿಯರ್ ಪ್ರೊಜೆಕ್ಷನ್ ಟಿವಿ, ಅಂದರೆ ಒಳಗಿನಿಂದ ಪರದೆಯ ಹಿಂಬದಿಗೆ ಚಿತ್ರ ಹಾಯಿಸುವ ಟಿವಿ. ಮನೆ ಖಾಲಿ ಮಾಡುವವರು "56 ಇಂಚಿನದು, ಬೇಕಾದರೆ ಒಯ್ಯಿರಿ" ಎನ್ನುವುದೂ ಇಂಥದನ್ನೇ. ಲ್ಯಾಂಪ್ ಹಾಕಿಸಿದರೆ ಮತ್ತೆ ನಡೆಯುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿ ಎಲ್‌ಸಿಡಿ ತನ್ನಿ ಎಂದು ಮಕ್ಕಳು ಹೇಳುತ್ತಾರೆ. ಯಾರ ಮಾತು ಕೇಳಬೇಕು?

ಒಂದು ಗೊಂದಲ ಮೊದಲು ಬಗೆಹರಿಸೋಣ. ಅಂಗಡಿಯಲ್ಲಿ ಎಲ್‌ಇಡಿ ಟಿವಿ ಎಂದು ಮಾರುವುದು ಎಲ್‌ಸಿಡಿಯೇ. ಪರದೆ ಅದೇ, ಹಿಂದಿನ ಬೆಳಕು ಮಾತ್ರ ಬೇರೆ. ಮೊದಲು ತೆಳ್ಳಗಿನ ಟ್ಯೂಬ್‌ಗಳಿದ್ದವು, ಈಗ ಎಲ್‌ಇಡಿ ಪಟ್ಟಿಗಳಿವೆ. ಹಾಗಾಗಿ ಎಲ್‌ಸಿಡಿ ಎಂದಾಗಲೆಲ್ಲ ಎಲ್‌ಇಡಿ ಟಿವಿಯನ್ನೂ ಸೇರಿಸಿಕೊಳ್ಳಿ.

ರಿಯರ್ ಪ್ರೊಜೆಕ್ಷನ್‌ನಲ್ಲಿ ಎರಡು ಕುಲ. ಹಳೆಯದರಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಪಿಕ್ಚರ್ ಟ್ಯೂಬ್‌ಗಳಿರುತ್ತವೆ. ಆಳ ಎರಡು ಅಡಿಗೂ ಮೇಲೆ, ತೂಕ ನಾಲ್ಕು ಜನ ಹೊರುವಷ್ಟು. ಮೂರು ಬಣ್ಣಗಳ ಚಿತ್ರ ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಅಕ್ಷರಗಳ ಅಂಚಿನಲ್ಲಿ ಕೆಂಪು, ನೀಲಿ ನೆರಳು ಕಾಣುತ್ತದೆ. ಟ್ಯೂಬ್‌ಗಳ ಮುಂದೆ ತಂಪಿಗೆಂದು ತುಂಬಿರುವ ದ್ರವ ವರ್ಷಗಳು ಕಳೆದಂತೆ ಮಸುಕಾಗುತ್ತದೆ, ಕೆಲವೊಮ್ಮೆ ಸೋರಿ ಕೆಳಗಿನ ಬೋರ್ಡನ್ನು ಹಾಳು ಮಾಡುತ್ತದೆ. ಸುದ್ದಿ ವಾಹಿನಿಯ ಪಟ್ಟಿಯಂತೆ ಒಂದೇ ಕಡೆ ನಿಲ್ಲುವ ಚಿತ್ರದ ಅಚ್ಚು ಟ್ಯೂಬಿನ ಮೇಲೆ ಶಾಶ್ವತವಾಗಿ ಕೂರುತ್ತದೆ. ಈ ಕುಲದ್ದು ಪುಕ್ಕಟೆ ಸಿಕ್ಕರೂ ಬೇಡ. ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಎಷ್ಟೋ ಹೊತ್ತು ಉಳಿಯಬಹುದು. ಮನೆಯಲ್ಲಿ ಬಿಚ್ಚುವ ಸಾಹಸಕ್ಕಂತೂ ಹೋಗಬೇಡಿ.

ಎರಡನೆಯ ಕುಲದಲ್ಲಿ ಬೆಳಕು ಕೊಡುವುದು ಲ್ಯಾಂಪ್, ಅದರಲ್ಲಿ ಮುಖ್ಯವಾದದ್ದು ಡಿಎಲ್‌ಪಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ ಚಿಪ್ ಇದರ ಜೀವಾಳ. ಉಗುರಿನಷ್ಟು ಜಾಗದಲ್ಲಿ ಲಕ್ಷಗಟ್ಟಲೆ ಕನ್ನಡಿಗಳು ಓಲಾಡುತ್ತವೆ. ಲ್ಯಾಂಪಿನ ಬೆಳಕು ತಿರುಗುವ ಬಣ್ಣದ ಚಕ್ರದ ಮೂಲಕ ಹಾದು ಈ ಕನ್ನಡಿಗಳ ಮೇಲೆ ಬಿದ್ದು, ಅಲ್ಲಿಂದ ಪರದೆಯ ಹಿಂಬದಿಗೆ ಹಾಯುತ್ತದೆ. ಬಣ್ಣಗಳು ಒಂದಾದ ಮೇಲೊಂದು ಬರುವುದರಿಂದ, ಕಣ್ಣು ಥಟ್ಟನೆ ಹೊರಳಿಸಿದರೆ ಕೆಲವರಿಗೆ ಕಾಮನಬಿಲ್ಲಿನಂಥ ಮಿಂಚು ಕಾಣುತ್ತದೆ, ಕೆಲವರಿಗೆ ಕಾಣುವುದೇ ಇಲ್ಲ. ತೆಗೆದುಕೊಳ್ಳುವ ಮುಂಚೆ ಮನೆಯವರೆಲ್ಲ ಒಮ್ಮೆ ನೋಡಿಬಿಡಿ.

ಕೆಟ್ಟಾಗ ಏನಾಗಿದೆ ಎಂದು ಹೀಗೆ ತಿಳಿಯಬಹುದು. ಚಿತ್ರ ನಿಧಾನವಾಗಿ ಮಂಕಾಗುತ್ತ ಬಂದಿದ್ದರೆ ಲ್ಯಾಂಪ್ ಮುಗಿಯುತ್ತ ಬಂದಿದೆ. ಆನ್ ಮಾಡಿದಾಗ ಕೀರಲು ಸದ್ದು ಬಂದರೆ ಬಣ್ಣದ ಚಕ್ರದ ಬೇರಿಂಗ್ ಸವೆದಿದೆ. ಪರದೆಯಲ್ಲಿ ನಕ್ಷತ್ರ ಚೆಲ್ಲಿದಂತೆ ಬಿಳಿ ಚುಕ್ಕಿಗಳು ದಿನೇದಿನೇ ಹೆಚ್ಚುತ್ತಿದ್ದರೆ ಚಿಪ್ಪಿನ ಕನ್ನಡಿಗಳು ಸಿಕ್ಕಿಕೊಂಡಿವೆ. ಚಕ್ರ ಅಥವಾ ಚಿಪ್ ಹೋಗಿದ್ದರೆ ಅಲ್ಲಿಗೆ ಕೈಬಿಡಿ. ದೊಡ್ಡ ತಯಾರಕರಲ್ಲಿ ಕೊನೆಗೆ ಉಳಿದಿದ್ದ ಮಿತ್ಸುಬಿಷಿಯೂ 2012ರ ಡಿಸೆಂಬರಿನಲ್ಲಿ ಈ ಟಿವಿಗಳನ್ನು ನಿಲ್ಲಿಸಿತು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗಬಹುದಾದ ಭಾಗವೂ ಇನ್ನೊಂದು ಸತ್ತ ಟಿವಿಯಿಂದ ಕಿತ್ತದ್ದೇ ಆಗಿರುತ್ತದೆ.

ಹೋಗಿರುವುದು ಲ್ಯಾಂಪ್ ಮಾತ್ರವಾದರೆ ಒಂದು ಸಲ ಹಾಕಿಸಿ ನೋಡಬಹುದು. ಒಂದೇ ಸಲ. ಸಾಮಾನ್ಯವಾಗಿ ಆರು ಸಾವಿರ ಗಂಟೆಯ ಆಯುಷ್ಯ ಹೇಳುತ್ತಾರೆ. ದಿನಕ್ಕೆ ಐದು ಗಂಟೆಯಂತೆ ಲೆಕ್ಕ ಹಾಕಿದರೆ ಮೂರು ವರ್ಷ ಚಿಲ್ಲರೆ. ಆದರೆ ಅಷ್ಟರಲ್ಲಿ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ನಕಲಿ ಲ್ಯಾಂಪ್ ಇನ್ನೂ ಬೇಗ ಮಂಕಾಗುತ್ತದೆ, ಕೆಲವು ಒಳಗೇ ಒಡೆಯುತ್ತವೆ.

ಬದಲಿಸುವ ಕ್ರಮ ಹೀಗೆ. ಪ್ಲಗ್ ಕಿತ್ತು ಒಂದು ಗಂಟೆ ಆರಲು ಬಿಡಿ. ಹಿಂಬದಿಯ ಅಥವಾ ಪಕ್ಕದ ಸಣ್ಣ ಮುಚ್ಚಳ ತೆಗೆದು, ಲ್ಯಾಂಪ್ ಡಬ್ಬಿಯ ಸ್ಕ್ರೂಗಳನ್ನು ಸಡಿಲಿಸಿ, ಹಿಡಿಕೆ ಹಿಡಿದು ನೇರವಾಗಿ ಎಳೆಯಿರಿ. ಹೊಸ ಬಲ್ಬಿನ ಗಾಜಿಗೆ ಬೆರಳು ತಾಗಿಸಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಗಾಜು ಸೀಳುತ್ತದೆ. ಮುಚ್ಚಳವನ್ನು ಸರಿಯಾಗಿ ಕೂರಿಸಿ. ಅದರ ಹಿಂದೊಂದು ಪುಟ್ಟ ಸ್ವಿಚ್ ಇರುತ್ತದೆ, ಅದು ಒತ್ತದಿದ್ದರೆ ಟಿವಿ ಆನ್ ಆಗುವುದೇ ಇಲ್ಲ. ಹೊಸ ಲ್ಯಾಂಪೇ ಸತ್ತಿದೆ ಎಂದು ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗುವ ಮುಂಚೆ ಇದನ್ನು ನೋಡಿಕೊಳ್ಳಿ. ಕೊನೆಗೆ ಮೆನುವಿನಲ್ಲಿ ಲ್ಯಾಂಪ್ ಗಂಟೆಗಳನ್ನು ಸೊನ್ನೆಗೆ ತರಬೇಕು. ಇಷ್ಟಾದರೂ ಹೊತ್ತದಿದ್ದರೆ ಲ್ಯಾಂಪಿಗೆ ಕರೆಂಟ್ ಕೊಡುವ ಬ್ಯಾಲಸ್ಟ್ ಹೋಗಿರಬಹುದು.

ಇಂಥ ಟಿವಿಯನ್ನು ಗೋಡೆಯ ಸ್ವಿಚ್‌ನಲ್ಲಿ ಆಫ್ ಮಾಡಬಾರದು. ರಿಮೋಟ್ ಒತ್ತಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗಿ ಲ್ಯಾಂಪನ್ನು ತಣಿಸಬೇಕು. ಬದಲಾಪುರ, ವಸಯಿ ಕಡೆ ಪದೇಪದೇ ಕರೆಂಟ್ ಹೋಗುವ ಮನೆಗಳಲ್ಲಿ ಕಂಪ್ಯೂಟರಿನ ಸಣ್ಣ ಯುಪಿಎಸ್ ಇದ್ದರೆ ಅಷ್ಟು ಹೊತ್ತು ಸಾಕಾಗುತ್ತದೆ.

ಇನ್ನು ಹಾಲ್. ಹತ್ತು ಅಡಿ ಅಗಲದ ಹಾಲ್ ಎಂದಿಟ್ಟುಕೊಳ್ಳಿ. ಒಂದು ಗೋಡೆಗೆ ಸೋಫಾ, ಎದುರು ಗೋಡೆಗೆ ಟಿವಿ. ಗೋಡೆಗಂಟಿದ ಎಲ್‌ಸಿಡಿಯಾದರೆ ಕಣ್ಣಿಗೂ ಪರದೆಗೂ ಏಳೂವರೆ ಅಡಿ ಸಿಗುತ್ತದೆ. ಹೊಟ್ಟೆಯ ಟಿವಿಯಾದರೆ ಅದರ ಒಂದೂವರೆ ಅಡಿ, ಗಾಳಿಯಾಡಲು ಹಿಂದೆ ನಾಲ್ಕು ಇಂಚು ಕಳೆದು ಆರಡಿಗೂ ಕಡಿಮೆ. ಇಲ್ಲಿಯೇ ಸಮಸ್ಯೆ ಶುರುವಾಗುವುದು. ಎಸ್‌ಡಿ, ಅಂದರೆ ಎಚ್‌ಡಿ ಅಲ್ಲದ ಮಾಮೂಲಿ ವಾಹಿನಿಯ ಒಂದು ಚಿತ್ರದಲ್ಲಿ 720ಕ್ಕೆ 576 ಚುಕ್ಕಿಗಳು. ಫುಲ್ ಎಚ್‌ಡಿಯಲ್ಲಿ 1920ಕ್ಕೆ 1080, ಅಂದರೆ ಸರಿಯಾಗಿ ಐದು ಪಟ್ಟು. 4ಕೆ ಪರದೆಯಲ್ಲಿ ಇಪ್ಪತ್ತು ಪಟ್ಟು. ಕೇಬಲ್‌ನಲ್ಲಿ ಎಸ್‌ಡಿ ಧಾರಾವಾಹಿ ನೋಡುವ ಮನೆಯಲ್ಲಿ 4ಕೆ ಪರದೆ ಒಂದು ಚುಕ್ಕಿಯನ್ನು ಇಪ್ಪತ್ತಾಗಿ ಹಿಗ್ಗಿಸುತ್ತದೆ. ಅಂಗಡಿಯ ಮಿನುಗು ಮನೆಯಲ್ಲಿ ಕಾಣದಿರುವುದು ಅದಕ್ಕೇ.

ಮಾಮೂಲಿ ಕಣ್ಣಿನ ಲೆಕ್ಕವೊಂದಿದೆ. ಎಸ್‌ಡಿಗೆ ಪರದೆಯ ಎತ್ತರದ ಆರು ಪಟ್ಟು ದೂರ, ಫುಲ್ ಎಚ್‌ಡಿಗೆ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, 4ಕೆಗೆ ಅದರ ಅರ್ಧ. 43 ಇಂಚಿನ ಪರದೆಯ ಎತ್ತರ ಸುಮಾರು 54 ಸೆಂಟಿಮೀಟರ್, 55 ಇಂಚಿನದು ಸುಮಾರು 68. ಏಳೂವರೆ ಅಡಿಯಿಂದ 55 ಇಂಚಿನ ಪರದೆಯಲ್ಲಿ ಎಚ್‌ಡಿ ಸೊಗಸಾಗಿ ಕಾಣುತ್ತದೆ. ಎಸ್‌ಡಿಗೆ 43 ಇಂಚೇ ಹೆಚ್ಚಾಯಿತು. ಹಾಗಾಗಿ ಮನೆಯಲ್ಲಿ ದಿನವೂ ನೋಡುವುದು ಯಾವುದು, ಕ್ರಿಕೆಟ್ಟೋ, ಎಸ್‌ಡಿ ಧಾರಾವಾಹಿಯೋ, ಅದನ್ನು ಮೊದಲು ಒಪ್ಪಿಕೊಂಡು ಅಳತೆ ಆರಿಸಿ. ಈ ಇಂಚಿನ ಜಗಳವನ್ನು ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಮುಗಿಸಿಕೊಳ್ಳುವುದು ಕ್ಷೇಮ.

ಸೆಟ್ ಟಾಪ್ ಬಾಕ್ಸಿನಿಂದ ಹಳದಿ, ಕೆಂಪು, ಬಿಳಿ ಪಿನ್ನಿನ ವೈರ್ ಹಾಕಿದ್ದರೆ ಎಚ್‌ಡಿಗೆ ದುಡ್ಡು ಕಟ್ಟಿಯೂ ನೋಡುವುದು ಎಸ್‌ಡಿಯನ್ನೇ. ಎಚ್‌ಡಿಎಂಐ ವೈರ್ ಬೇಕು. ಹಳೆಯ ರಿಯರ್ ಪ್ರೊಜೆಕ್ಷನ್‌ಗಳಲ್ಲಿ ಎಷ್ಟೋ ಸಲ ಎಚ್‌ಡಿಎಂಐ ಕಿಂಡಿಯೇ ಇರುವುದಿಲ್ಲ. ಅದಕ್ಕಿಂತ ಹಳೆಯ ಡಿವಿಐ ಕಿಂಡಿಗೆ ಪಿನ್ ಬದಲಾಯಿಸಿ ಜೋಡಿಸಿದರೂ, ನಕಲು ತಡೆಯುವ ಸಂಕೇತ ಟಿವಿಗೆ ತಿಳಿಯದಿದ್ದರೆ ಪರದೆ ಖಾಲಿ.

ಎಲ್ಲಿ ಕೂತು ನೋಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ರಿಯರ್ ಪ್ರೊಜೆಕ್ಷನ್ ಪರದೆ ಬೆಳಕನ್ನು ಎಡಬಲಕ್ಕೆ ಹರಡುತ್ತದೆ, ಮೇಲೆ ಕೆಳಗೆ ಅಷ್ಟಾಗಿ ಹರಡುವುದಿಲ್ಲ. ಸೋಫಾದಲ್ಲಿ ಕೂತವರಿಗೆ ಜಗಮಗ, ಕೆಳಗೆ ಚಾಪೆ ಹಾಕಿಕೊಂಡ ಮಕ್ಕಳಿಗೆ ಮಬ್ಬು, ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವವರಿಗೆ ಇನ್ನೂ ಮಬ್ಬು. ಎಲ್‌ಸಿಡಿಯಲ್ಲಿ ತೊಂದರೆ ಬೇರೆ. ಅದರ ಪ್ಯಾನಲ್, ಅಂದರೆ ಪರದೆ, ಹೆಚ್ಚಾಗಿ ವಿಎ ಅಥವಾ ಐಪಿಎಸ್ ಎಂಬ ಬಗೆಯದು. ವಿಎ ಪ್ಯಾನಲ್ ಆದರೆ ಎದುರಿನಿಂದ ಕಪ್ಪು ಗಾಢವಾಗಿರುತ್ತದೆ, ಪಕ್ಕದಿಂದ ಬಣ್ಣ ತೊಳೆದಂತಾಗುತ್ತದೆ. ಐಪಿಎಸ್ ಆದರೆ ಪಕ್ಕದಿಂದಲೂ ಮುಖದ ಬಣ್ಣ ಉಳಿಯುತ್ತದೆ, ದೀಪ ಆರಿಸಿದ ಕೋಣೆಯಲ್ಲಿ ಕಪ್ಪು ಬೂದಿಯಾಗುತ್ತದೆ. ಇಂಗ್ಲಿಷಿನ ಎಲ್ ಅಕ್ಷರದಂತೆ ಸೋಫಾ ಹಾಕಿರುವ ಮನೆಗೆ ಐಪಿಎಸ್ ಒಳ್ಳೆಯದು, ನೇರ ಎದುರು ಕೂತು ರಾತ್ರಿ ಸಿನಿಮಾ ನೋಡುವವರಿಗೆ ವಿಎ. ಯಾವ ಪ್ಯಾನಲ್ ಎಂದು ಸೇಲ್ಸ್‌ಮನ್‌ಗೆ ಗೊತ್ತಿಲ್ಲದಿದ್ದರೆ ವಾದ ಬೇಡ, ಪಕ್ಕಕ್ಕೆ ಸರಿದು ಪರದೆಯ ಮೇಲಿನ ಒಂದು ಮುಖವನ್ನೇ ನೋಡಿ. ಬಣ್ಣವನ್ನು ಹೆಚ್ಚಿಸಿ ತೋರಿಸುವ ವಿವಿಡ್ ಮೋಡ್ ತೆಗೆಸಿ ನೋಡಿ.

ಕರೆಂಟಿನ ವ್ಯತ್ಯಾಸ ಹೇಳುವಷ್ಟು ದೊಡ್ಡದಲ್ಲ. ಡಿಎಲ್‌ಪಿ ಸುಮಾರು 200 ವಾಟ್, 55 ಇಂಚಿನ ಈಗಿನ ಎಲ್‌ಸಿಡಿ ಸುಮಾರು ನೂರು. ದಿನಕ್ಕೆ ಐದು ಗಂಟೆಗೆ ತಿಂಗಳಿಗೆ ಹದಿನೈದು ಯೂನಿಟ್ ಉಳಿತಾಯ. ಅದೊಂದೇ ಕಾರಣಕ್ಕೆ ಟಿವಿ ಬದಲಿಸಬೇಕಾಗಿಲ್ಲ.

ಎಲ್‌ಸಿಡಿ ನಿಮ್ಮನ್ನು ಕಾಡುವುದು ಎರಡು ಕಡೆ. ಒಂದು ಹಿಂದಿನ ಎಲ್‌ಇಡಿ ಪಟ್ಟಿ. ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿರುವುದರಿಂದ ಒಂದು ಹೋದರೂ ಇಡೀ ಸಾಲು, ಎಷ್ಟೋ ಸಲ ಇಡೀ ಪರದೆ ಕತ್ತಲಾಗುತ್ತದೆ. ಧ್ವನಿ ಬಂದು ಚಿತ್ರ ಬರದಿದ್ದರೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಬೆಳಕು ಬಿದ್ದ ಕಡೆ ಚಿತ್ರ ಅಸ್ಪಷ್ಟವಾಗಿ ಓಡಾಡುವುದು ಕಂಡರೆ ಪ್ಯಾನಲ್ ಚೆನ್ನಾಗಿದೆ, ಬೆಳಕಷ್ಟೇ ಹೋಗಿದೆ. ಪಟ್ಟಿಗಳನ್ನು ಪೂರ್ತಿ ಸೆಟ್ ಬದಲಿಸಿಕೊಳ್ಳಿ, ಒಂದೊಂದೇ ಹಾಕಿಸಿದರೆ ಮುಂದಿನದು ಹೋಗುತ್ತದೆ. ಮೊದಲ ದಿನವೇ ಬ್ಯಾಕ್‌ಲೈಟನ್ನು ನೂರರಿಂದ ಅರುವತ್ತಕ್ಕೆ ಇಳಿಸಿದರೆ ಎಲ್‌ಇಡಿ ಕಡಿಮೆ ಕಾಯುತ್ತದೆ, ಹೆಚ್ಚು ಬಾಳುತ್ತದೆ.

ಇನ್ನೊಂದು, ಪರದೆಯ ಮೇಲೆ ನೆಟ್ಟಗೆ ಬರುವ ಗೆರೆ. ಗಾಜಿನ ಅಂಚಿಗೆ ಅಂಟಿಸಿದ ತೆಳು ಪಟ್ಟಿಯ ಸಂಪರ್ಕ ಬಿಟ್ಟಿರುತ್ತದೆ. ಅದರ ರಿಪೇರಿ ನೆಚ್ಚುವಂಥದ್ದಲ್ಲ, ಹೊಸ ಪ್ಯಾನಲ್ ಹಾಕಿಸುವುದಕ್ಕೆ ಹೆಚ್ಚುಕಡಿಮೆ ಹೊಸ ಟಿವಿಯ ಬೆಲೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟಿವಿಯನ್ನು ಅರ್ಧ ಗಂಟೆ ಆನ್ ಮಾಡಿಟ್ಟು, ಬಿಳಿ, ಕೆಂಪು, ಹಸಿರು, ನೀಲಿ, ಕಪ್ಪು ಚಿತ್ರಗಳನ್ನು ಪೆನ್‌ಡ್ರೈವ್‌ನಿಂದ ಹಾಕಿ ಗೆರೆ, ಕಲೆ ನೋಡಿ. ತಣ್ಣಗಿದ್ದಾಗ ಕಾಣದ ಗೆರೆ ಬಿಸಿಯಾದ ಮೇಲೆ ಕಾಣಬಹುದು.

ಮಳೆಗಾಲದಲ್ಲಿ ನೀರು ಒಸರುವ ಗೋಡೆಗೆ ಟಿವಿ ತೂಗಬೇಡಿ. ತೇವ ಹಿಂದಿನ ಜಾಲರಿಯಿಂದ ಒಳಗೆ ಹೋಗಿ ಬೋರ್ಡಿನ ತಾಮ್ರ ಹಸಿರಾಗುತ್ತದೆ. ಬೆಚ್ಚಗಿರುತ್ತದೆಂದು ಜಿರಳೆಯೂ ಅಲ್ಲಿಗೇ ಬರುತ್ತದೆ. ನಾಲ್ಕು ಇಂಚಿನ ಇಟ್ಟಿಗೆ ಗೋಡೆಗೆ ಮಾಮೂಲಿ ಫಾಸ್ಟನರ್ ಸಾಕು, ಹಗುರ ಬ್ಲಾಕಿನ ಗೋಡೆಗೆ ಅದಕ್ಕೆಂದೇ ಮಾಡಿದ್ದು ಬೇಕು, ಚಾಳಿನ ಪ್ಲೈ ಪಾರ್ಟಿಶನ್‌ಗೆ ಹಿಂದೆ ಅಡ್ಡ ಹಲಗೆ ಕೊಡದೆ ತೂಗಲೇಬಾರದು.

ಈಗ ಲೇಸರ್ ಟಿವಿ ಎಂದು ಬರುತ್ತಿರುವುದರಲ್ಲೂ ಸಾಮಾನ್ಯವಾಗಿ ಇರುವುದು ಅದೇ ಕನ್ನಡಿ ಚಿಪ್, ಬೆಳಕು ಮಾತ್ರ ಮುಂದಿನಿಂದ ಬೀಳುತ್ತದೆ. ಹಗಲಿನಲ್ಲಿ, ಟ್ಯೂಬ್‌ಲೈಟ್ ಉರಿಯುವ ಹಾಲಿನಲ್ಲಿ ಬಿಳಿ ಗೋಡೆಯ ಮೇಲೆ ಕಪ್ಪು ಕಪ್ಪಾಗಿ ಕಾಣುವುದಿಲ್ಲ. ಅದಕ್ಕೆಂದೇ ಮಾಡಿದ ಪರದೆಯ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಹಳೆಯ ರಿಯರ್ ಪ್ರೊಜೆಕ್ಷನ್ ಸಾಗಹಾಕುವವರಿಗೆ ಎರಡು ಎಚ್ಚರಿಕೆ. ಲ್ಯಾಂಪಿನಲ್ಲಿ ಪಾದರಸ ಇರುತ್ತದೆ, ಒಡೆಯದೆ ಇ-ತ್ಯಾಜ್ಯ ಪಡೆಯುವವರಿಗೇ ಕೊಡಿ. ಮತ್ತೆ, ಪರದೆಯ ಹಿಂದಿರುವ ಗೆರೆಗೆರೆಯ ಪ್ಲಾಸ್ಟಿಕ್ ಹಾಳೆ ನಿಜಕ್ಕೂ ಒಂದು ದೊಡ್ಡ ಭೂತಗನ್ನಡಿ. ಬಿಚ್ಚಿದ ಹಾಳೆಯನ್ನು ಬಿಲ್ಡಿಂಗಿನ ಟೆರೇಸಿನಲ್ಲೋ ಬಾಲ್ಕನಿಯಲ್ಲೋ ಬಿಸಿಲಿಗೆ ಒರಗಿಸಿಟ್ಟರೆ ಬಿಸಿಲು ಒಂದೇ ಕಡೆ ಸೇರಿ ಬಟ್ಟೆ, ರಟ್ಟು, ಮರ ಹೊತ್ತಿಕೊಳ್ಳುತ್ತದೆ. ಭಂಗಾರ್‌ವಾಲಾ ಬರುವವರೆಗೆ ಅದನ್ನು ಗೋಣಿಯಿಂದ ಮುಚ್ಚಿ ನೆರಳಿನಲ್ಲಿಡಿ.