14 ಮಳೆಗಾಲ ನಿಂತಿದ್ದ ಯೆಜ್ಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆ ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಹತ್ತಿರ. ಅಪ್ಪ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವವರು, ಆಗಿದ್ದರು. ಅವರ ಹತ್ತಿರ 1984ರ ಯೆಜ್ಡಿ 250 ಬೈಕ್ ಇತ್ತು. ಬಟವಾಡೆಯ ದುಡ್ಡು ತರಲು, ಸಂತೆಗೆ ಹೋಗಲು, ನನ್ನನ್ನು ಶಾಲೆಗೆ ಬಿಡಲು, ಎಲ್ಲಕ್ಕೂ ಅದೇ ಗಾಡಿ. 2009ರ ಕೊನೆಗೆ ಅಪ್ಪನ ಮಂಡಿ ನೋವು ಜಾಸ್ತಿಯಾಯಿತು. ಗಾಡಿಯನ್ನು ಕೊಟ್ಟಿಗೆಯ ಮೂಲೆಗೆ ತಳ್ಳಿ, ಮೇಲೆ ಎರಡು ಕಾಫಿ ಗೋಣಿ ಹೊದಿಸಿದರು. 2023ರ ಡಿಸೆಂಬರಿನಲ್ಲಿ, ಕುಯ್ಲಿನ ಗಡಿಬಿಡಿಯ ನಡುವೆ, ನಾನು ಆ ಗೋಣಿ ತೆಗೆದೆ. ನಾನು ಅವರ ಒಬ್ಬಳೇ ಮಗಳು. ಅಷ್ಟು ವರ್ಷ ಅದನ್ನು ನೋಡುತ್ತಲೇ ಓಡಾಡಿದ್ದೆ, ಮುಟ್ಟಿರಲಿಲ್ಲ.

ಗೋಣಿ ಹೊದಿಸಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಮಲೆನಾಡಿನಲ್ಲಿ ಗೋಣಿ ಗಾಡಿಯನ್ನು ಕಾಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಗಾಳಿಯ ತೇವವನ್ನೆಲ್ಲ ಕುಡಿದು ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ಟ್ಯಾಂಕಿನ ಮೇಲೆ ಗೋಣಿಯ ನೇಯ್ಗೆಯೇ ತುಕ್ಕಿನಲ್ಲಿ ಅಚ್ಚೊತ್ತಿತ್ತು. ಸೀಟಿನ ತುಂಬ ಬೂಷ್ಟು. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು, ಅದಕ್ಕೆ ಹಾಸಿಗೆ ನಮ್ಮ ಗಾಡಿಯ ವೈರಿನ ಸಿಪ್ಪೆ. ಎರಡೂ ಸೈಲೆನ್ಸರಿನ ಬಾಯಿಗೆ ಕುಂಬಾರ ಹುಳ ಮಣ್ಣು ಮೆತ್ತಿತ್ತು. ಗಾಡಿ ನಿಲ್ಲಿಸಬೇಕೆಂದಿರುವವರು ದಯವಿಟ್ಟು ಇಷ್ಟು ಮಾಡಿ. ಟ್ಯಾಂಕಿನಲ್ಲಿ ಮತ್ತು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಇರುವ ಪೆಟ್ರೋಲ್ ಪೂರ್ತಿ ಇಳಿಸಿ. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ಒಳಗೆ ಎರಡು ಚಮಚ ಎಣ್ಣೆ ಬಿಡಿ. ಸೈಲೆನ್ಸರಿಗೆ ಬಟ್ಟೆ ತುರುಕಿ. ಗಾಳಿಯಾಡುವ ಹತ್ತಿ ಬಟ್ಟೆ ಹೊದಿಸಿ. ಆಮೇಲೆ ತಿಂಗಳಿಗೊಮ್ಮೆ ಎಂಜಿನ್ನನ್ನು ಕೈಯಾರೆ ನಾಲ್ಕು ಸುತ್ತು ತಿರುಗಿಸಿ.

ಯೆಜ್ಡಿ ನಮ್ಮ ಮೈಸೂರಿನ ಗಾಡಿ, ಅಲ್ವಾ? ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ತಯಾರಾಗುತ್ತಿತ್ತು. ಜಾವಾ ಮೂಲತಃ ಆಗಿನ ಚೆಕೊಸ್ಲೊವಾಕಿಯಾದ್ದು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನೀವು ಈಗ ಕೇಳುತ್ತಿರುವ ಬಾನುಲಿಗೂ ಮೈಸೂರಿಗೂ ಹಳೆಯ ನಂಟಿದೆ. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಅಲ್ಲಿನ ತಮ್ಮ ಮನೆಯಲ್ಲೇ ಪ್ರಸಾರ ಶುರು ಮಾಡಿದರು, ಆಕಾಶವಾಣಿ ಎಂಬ ಹೆಸರು ಆ ಕೇಂದ್ರದ್ದೇ. ನಮ್ಮ ಮನೆಯಲ್ಲಿ ಬೆಳಗ್ಗೆ ಮೊದಲು ರೇಡಿಯೋ ಸದ್ದು, ಅದರ ಹಿಂದೆಯೇ ಯೆಜ್ಡಿ ಸದ್ದು. ಅದಕ್ಕೇ ಈ ಮಾತು ನೆನಪಾಯಿತು.

ಗಾಡಿ ನೋಡದವರಿಗಾಗಿ ಎರಡು ಮಾತು. ಒಂದೇ ಸಿಲಿಂಡರು, ಟೂ ಸ್ಟ್ರೋಕ್, 250 ಸಿಸಿ. ಸಿಲಿಂಡರ್ ಒಂದಾದರೂ ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಒಂದೇ ಲಿವರಿನಲ್ಲಿ, ಎಡಗಡೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಬಗ್ಗಿಸಿದರೆ ಗೇರ್. ಎಂಜಿನ್ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ನಾನು ಲೀಟರಿಗೆ 40 ಮಿಲಿ ಹಾಕುತ್ತೇನೆ, ಅಂದರೆ 25ಕ್ಕೆ 1.

ನಿಂತ ಎಂಜಿನ್ನಿಗೆ ಮೊದಲ ದಿನವೇ ಕಿಕ್ ಹೊಡೆಯಬಾರದು. ನಮ್ಮದರ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಜೋರು ಮಾಡಿದರೆ ರಿಂಗ್ ಮುರಿದು ಸಿಲಿಂಡರ್ ಗೀರಿ ಹೋಗುತ್ತದೆ. ಪ್ಲಗ್ ತೂತಿನಿಂದ ಡೀಸೆಲ್ ಮತ್ತು ಟೂ ಸ್ಟ್ರೋಕ್ ಆಯಿಲ್ ಬೆರೆಸಿ ಬಿಟ್ಟು ಸುಮ್ನೆ ಕಾದೆ. ದಿನಾ ಬೆಳಗ್ಗೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಅಲುಗಿಸುತ್ತಿದ್ದೆ. ಒಂಬತ್ತನೇ ದಿನ ಕೂದಲೆಳೆಯಷ್ಟು ಸರಿಯಿತು. ಆ ದಿನದ ಖುಷಿಯನ್ನು ಹೇಗೆ ಹೇಳಲಿ! ಮಾರನೇ ದಿನ ಪೂರ್ತಿ ಸುತ್ತು ಬಂತು.

ಆಮೇಲೆ ಕಾರ್ಬ್ಯುರೇಟರ್ ತೊಳೆದೆ. ಹಳೆ ಪೆಟ್ರೋಲ್ ಆರಿ ಜೆಟ್ಟಿನ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ನಳಿಕೆಯ, ತೂತಿನಲ್ಲಿ ಅಂಟಾಗಿ ಕೂತಿತ್ತು. ಪ್ಲಗ್ಗಿನ ಕಿಡಿಗೆ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್ ಉಜ್ಜಿ, 0.4 ಮಿಲಿಮೀಟರ್ ಸಂದಿ ಕೊಟ್ಟು, ಹೊಸ ಕಂಡೆನ್ಸರ್ ಹಾಕಿದೆ. ಜನವರಿಯ ಒಂದು ಸಂಜೆ ಗಾಡಿ ಸ್ಟಾರ್ಟ್ ಆಯಿತು. ಮನೆಯವರೆಲ್ಲ ಅಂಗಳಕ್ಕೆ ಬಂದರು. ಅಪ್ಪ ಮಾತ್ರ ಜಗುಲಿಯಲ್ಲೇ ಕೂತು ಕೇಳಿ, "ಬಂದ್ ಮಾಡು. ಆಕ್ಸಿಲೇಟರ್ ಬಿಟ್ರೂ ಇಳೀತಿಲ್ಲ. ಎಲ್ಲೋ ಗಾಳಿ ಎಳೀತಿದೆ" ಅಂದರು. ನಾನು ಕಾರ್ಬ್ಯುರೇಟರ್ ಸೆಟ್ಟಿಂಗ್ ಇರಬೇಕು ಅಂದುಕೊಂಡು ಆಲ್ದೂರಿಗೆ ಹೊರಟೇಬಿಟ್ಟೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಏರಿನಲ್ಲಿ ಕಿರ್ ಎಂದು ಪಿಸ್ಟನ್ ಹಿಡಿಯಿತು. ಪಿಕಪ್ಪಿನಲ್ಲಿ ಹಾಕಿಕೊಂಡು ವಾಪಸ್ ತಂದೆವು.

ಅಪ್ಪ ಹೇಳಿದ್ದೇ ಸರಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಂತ ಟೂ ಸ್ಟ್ರೋಕ್ ಗಾಡಿಗಳು ಇಲ್ಲೇ ಸಾಯುವುದು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಆವಿ ನೇರವಾಗಿ ಪಿಸ್ಟನ್ ಮೇಲಕ್ಕೆ ಹೋಗುವುದಿಲ್ಲ. ಮೊದಲು ಪಿಸ್ಟನ್ ಕೆಳಗೆ, ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಇರುವ ಕೋಣೆಗೆ ಬರುತ್ತದೆ. ಆ ಕೋಣೆಯಿಂದ ಗಾಳಿ ಆಚೀಚೆ ಹೋಗಬಾರದು. ಅದಕ್ಕಾಗಿ ಕ್ರ್ಯಾಂಕಿನ ಎರಡೂ ಬದಿಗೆ ರಬ್ಬರ್ ಸೀಲ್ ಇರುತ್ತದೆ. ವರ್ಷಗಟ್ಟಲೆ ನಿಂತರೆ ಆ ರಬ್ಬರ್ ಒಣಗಿ ಕಲ್ಲಾಗುತ್ತದೆ. ಡೈನಮೊ ಬದಿಯ ಸೀಲ್ ಹೋದರೆ ಹೊರಗಿನ ಗಾಳಿ ನುಗ್ಗಿ ಪೆಟ್ರೋಲ್ ತೆಳುವಾಗುತ್ತದೆ, ಎಂಜಿನ್ ಕಾದು ಹಿಡಿಯುತ್ತದೆ. ಕ್ಲಚ್ ಬದಿಯದು ಹೋದರೆ ಗೇರ್ ಆಯಿಲನ್ನೇ ಎಳೆದು ಸುಡುತ್ತದೆ, ದಟ್ಟ ಬಿಳಿ ಹೊಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಕಾಣುವುದಿಲ್ಲ. ನಾವು ಎಂಜಿನ್ ಎರಡು ಹೋಳು ಮಾಡಿ ಸೀಲ್ ಬದಲಿಸಿದೆವು. ನಾವು ಬಿಚ್ಚಿದಾಗ ಕ್ರ್ಯಾಂಕ್ ಬೇರಿಂಗಿನ ಗುಂಡುಗಳಲ್ಲೂ ತುಕ್ಕಿನ ಗುಳಿ ಬಿದ್ದಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಗೆ ಎರಡು ಸಲ ಹೋಗಿ ಸೀಲು, ಬೇರಿಂಗು, ಒಂದು ಸೈಜ್ ದೊಡ್ಡ ಪಿಸ್ಟನ್ ತಂದೆ. ಸಿಲಿಂಡರನ್ನು 0.25 ಮಿಲಿಮೀಟರ್ ಬೋರ್ ಮಾಡಿಸಿದ್ದಾಯಿತು.

ಟ್ಯಾಂಕಿನ ಒಳಗಿನ ತುಕ್ಕಿಗೆ ವಿನೆಗರ್ ತುಂಬಿ, ಒಂದು ಹಿಡಿ ನಟ್ಟು ಹಾಕಿ ಕುಲುಕಿದೆ. ಎರಡು ದಿನ ಬಿಟ್ಟು ಸೋಡಾ ನೀರಿನಲ್ಲಿ ತೊಳೆದು, ಕಣದ ಬಿಸಿಲಿನಲ್ಲಿ ಕಾಫಿ ಪಕ್ಕದಲ್ಲೇ ಒಣಗಿಸಿದೆ. ಒಣಗಿದ ಕೂಡಲೇ ಒಳಗೆ ಎಣ್ಣೆ ಆಡಿಸಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಮತ್ತೆ ಕೆಂಪಗಾಗುತ್ತದೆ.

ಇನ್ನು ಬದಲಾವಣೆಯ ವಿಷಯ. ಗಾಡಿ ಬಿಚ್ಚಿದ್ದೇ ತಡ, ಊರಿನ ಹುಡುಗರೆಲ್ಲ ಸಲಹೆ ಕೊಟ್ಟರು. ಸೈಲೆನ್ಸರ್ ಕತ್ತರಿಸು, ಹಿಂದಿನ ಮಡ್ಗಾರ್ಡ್ ತೆಗಿ, ಹ್ಯಾಂಡಲ್ ಎತ್ತರ ಮಾಡು. ನಾನು ಒಪ್ಪಲಿಲ್ಲ. ನೋಟಕ್ಕಾಗಿ ಒಂದನ್ನೂ ಬದಲಿಸಬಾರದು, ಇವತ್ತಿನ ರಸ್ತೆ ಮತ್ತು ಇವತ್ತಿನ ಪೆಟ್ರೋಲ್ ಕೇಳಿದ್ದನ್ನು ಬಿಡಬಾರದು. ನನ್ನ ಲೆಕ್ಕ ಇಷ್ಟೇ. ಟೂ ಸ್ಟ್ರೋಕಿಗೆ ಸೈಲೆನ್ಸರ್ ಬರೀ ಸದ್ದು ತಗ್ಗಿಸುವ ಕೊಳವೆಯಲ್ಲ. ಹೊರಗೆ ಹೋದ ಹೊಗೆಯ ಅಲೆ ಅದರೊಳಗೆ ಬಡಿದು ತಿರುಗಿ ಬರುತ್ತದೆ. ಸಿಲಿಂಡರಿನಿಂದ ತಪ್ಪಿಸಿಕೊಂಡು ಹೋಗುತ್ತಿರುವ ಹೊಸ ಪೆಟ್ರೋಲನ್ನು ಆ ಅಲೆಯೇ ಒಳಕ್ಕೆ ತಳ್ಳುವುದು. ಕತ್ತರಿಸಿದರೆ ಗದ್ದಲ ಜಾಸ್ತಿ, ಎಳೆತ ಕಮ್ಮಿ. ಕಾನೂನೂ ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು.

ಹಾಗಾದರೆ ನಾನು ಬದಲಿಸಿದ್ದು ಏನು? 6 ವೋಲ್ಟ್ ಕರೆಂಟನ್ನು 12ಕ್ಕೆ ಏರಿಸಿದೆ. ಹಳೆ ಹೆಡ್‌ಲೈಟ್ ಚಾರ್ಮಾಡಿಯ ಮಂಜಿನಲ್ಲಿ ಎಣ್ಣೆ ದೀಪದಷ್ಟು ಬೆಳಕು ಕೊಡುತ್ತಿತ್ತು. ಎದುರಿಗೆ ಲಾರಿ ಬರುವಾಗ ಅದನ್ನು ನಂಬಿ ಹೋಗುವುದು ತಪ್ಪು. ಬ್ರೇಕ್ ಶೂಗಳಿಗೆ ಹೊಸ ಲೈನಿಂಗ್ ಹಾಕಿಸಿದೆ. ಟಯರ್ ಎರಡೂ ಹೊಸದು. ಹಳೆ ಟಯರಿನ ಹೂವು ಚೆನ್ನಾಗಿಯೇ ಇತ್ತು, ಆದರೆ ಪಕ್ಕದಲ್ಲಿ ಕೊನೆಗೆ 2307 ಅಂತ ಇತ್ತು. ಅಂದರೆ 2007ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಈ ನಾಲ್ಕು ಅಂಕಿ ಓದಲು ಎಲ್ಲರೂ ಕಲಿಯಬೇಕು. ಹೂವು ಎಷ್ಟಿದ್ದರೂ ಅಷ್ಟು ಹಳೆ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ.

ಪೆಟ್ರೋಲಿನದು ದೊಡ್ಡ ಕಥೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 1984ರ ಗಾಡಿಗೆ ಅದರ ಪರಿಚಯವೇ ಇಲ್ಲ. ಎಥನಾಲ್ ಗಾಳಿಯಿಂದ ನೀರು ಎಳೆಯುತ್ತದೆ, ನಮ್ಮ ಕಡೆ ತೇವಕ್ಕೇನು ಬರವೇ? ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಅದಕ್ಕೇ ಪೈಪು, ಸೀಲು ಎಲ್ಲ ಎಥನಾಲ್ ತಡೆಯುವಂಥದ್ದು ಹಾಕಿದೆ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡುತ್ತೇನೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ. ಒಂದು ಸಲ ಪಿಸ್ಟನ್ ಹಿಡಿದ ಹೆದರಿಕೆ ಇತ್ತಲ್ಲ, ಮೇನ್ ಜೆಟ್ಟನ್ನು ಒಂದು ಸೈಜ್ ದೊಡ್ಡದು ಮಾಡಿದೆ.

ಕಾಗದ ಪತ್ರದ ಕೆಲಸವೂ ಆಗಬೇಕಿತ್ತು. ಮೊದಲ 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ನಮ್ಮದು 2009ಕ್ಕೇ ಮುಗಿದಿತ್ತು. ಇನ್ಶೂರೆನ್ಸ್, ಹೊಗೆ ತಪಾಸಣೆ, ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿದ್ದು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ ಅಂಕಿಗಳು ಒಂದೊಂದಾಗಿ ಮೂಡಿದವು. ಬಣ್ಣವನ್ನು ಆರ್‌ಸಿಯಲ್ಲಿದ್ದ ಹಾಗೆ ಕಪ್ಪೇ ಹೊಡೆಸಿದ್ದರಿಂದ ಅಲ್ಲಿ ತೊಂದರೆಯಾಗಲಿಲ್ಲ.

ಹೋದ ವಾರ ಗಾಡಿಯನ್ನು ಕೈಮರ ಎಂಬ ಊರಿನ ದಾರಿಯಾಗಿ ಮುಳ್ಳಯ್ಯನಗಿರಿಯ ಕಡೆ ಹತ್ತಿಸಿದೆ. ಸೀತಾಳಯ್ಯನಗಿರಿ ದಾಟುವವರೆಗೆ ಚೆನ್ನಾಗಿ ಎಳೆಯಿತು. ಅಲ್ಲಿಂದ ಮೇಲೆ ಮಿಸ್ ಹೊಡೆಯತೊಡಗಿತು, ಪ್ಲಗ್ ತೆಗೆದರೆ ಕಪ್ಪು ಮಸಿ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ ಬೆಟ್ಟ. ಮೇಲೆ ಹೋದಷ್ಟೂ ಗಾಳಿ ತೆಳು, ಅದೇ ಜೆಟ್ಟಿಗೆ ಅಲ್ಲಿ ಪೆಟ್ರೋಲ್ ಜಾಸ್ತಿಯಾಗುತ್ತದೆ. ಎಥನಾಲ್ ದೊಡ್ಡ ಜೆಟ್ ಕೇಳುತ್ತದೆ, ಬೆಟ್ಟ ಚಿಕ್ಕದು ಕೇಳುತ್ತದೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರು. "ಜೆಟ್ ಮುಟ್ಟಬೇಡ. ನೀಡಲ್ ಕ್ಲಿಪ್ ಒಂದು ಮನೆ ಮೇಲಕ್ಕೆ ಹಾಕಿ ನೋಡು" ಅಂದರು. ನೀಡಲ್ ಅಂದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಸೂಜಿ, ಕ್ಲಿಪ್ ಮೇಲಕ್ಕೆ ಹಾಕಿದರೆ ಅದು ಕೆಳಗಿಳಿದು ಪೆಟ್ರೋಲ್ ಕಮ್ಮಿಯಾಗುತ್ತದೆ. ನಿನ್ನೆ ರಾತ್ರಿ ಹಾಕಿದ್ದೇನೆ. ಈ ಭಾನುವಾರ ಬೆಳಗ್ಗೆ, ಪ್ರವಾಸಿಗರ ಜೀಪುಗಳು ಬರುವ ಮೊದಲೇ, ಮತ್ತೆ ಹತ್ತಿಸುತ್ತೇನೆ. ಈ ಸಲ ಹಿಂದಿನ ಸೀಟಿನಲ್ಲಿ ಅಪ್ಪನೂ ಬರುತ್ತಾರೆ, ಎಂಜಿನ್ ಕೇಳಿಸಿಕೊಳ್ಳಲು.

ನಮಸ್ಕಾರ.