ಬೂಷ್ಟು ಹೋದರೂ ವಿಷ ಹೋಗುವುದಿಲ್ಲ: ಮಳೆಗಾಲದ ಮೊಳಕೆ ರಾಗಿ

[ದೃಶ್ಯ: ಬಿಳಿ ಬಟ್ಟೆಯ ಮೇಲೆ ಮೊಳಕೆ ರಾಗಿ, ಅಲ್ಲಲ್ಲಿ ಹಸಿರು ಬೂಷ್ಟು]

ನಮಸ್ಕಾರ. ಜುಲೈ ತಿಂಗಳು, ಮಡಿಕೇರಿಯಲ್ಲಿ ಬಿಸಿಲಿನ ಸುಳಿವೇ ಇಲ್ಲ. ಮಗುವಿನ ಸರಿಗೆ ಅಂತ ಕಟ್ಟಿಟ್ಟ ರಾಗಿ ಮೂರನೇ ದಿನಕ್ಕೆ ಹೀಗಾಗಿದೆ. ತೊಳೆದು ಚೆನ್ನಾಗಿ ಹುರಿದರೆ ಆಯ್ತು ಅಂತ ಯಾರಾದರೂ ಹೇಳೇ ಹೇಳುತ್ತಾರೆ, ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಮೊಳಕೆಯ ಬೇರಿನ ಸುತ್ತ ಬರುವ ಬಿಳಿ ನವಿರು ಬೂಷ್ಟಲ್ಲ, ಅದು ಬೇರಿನದೇ ಕೂದಲು. ಕಾಳಿನಿಂದ ಕಾಳಿಗೆ ಬಲೆ ಹಬ್ಬಿದ್ದರೆ, ಹಸಿರೋ ಕಪ್ಪೋ ಬಣ್ಣ ಕಂಡರೆ, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು.

[ದೃಶ್ಯ: ಕಾಳಿನ ಹತ್ತಿರದ ನೋಟ]

ಕೆಲವು ಬೂಷ್ಟು ಬೆಳೆಯುತ್ತಾ ಕಾಳಿನೊಳಗೆ ವಿಷ ಬಿಡುತ್ತವೆ. ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟು ಬಿಡುವ ವಿಷ ಅಫ್ಲಾಟಾಕ್ಸಿನ್. ಹುರಿದಾಗ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ಕುದಿಯುವ ನೀರು 100 ಡಿಗ್ರಿ. ಈ ವಿಷ ಪೂರ್ತಿ ಒಡೆಯಬೇಕಾದರೆ 230 ಡಿಗ್ರಿ ದಾಟಬೇಕು. ಬಾಣಲೆಯಲ್ಲಿ ಹುರಿದರೆ ಸ್ವಲ್ಪ ಕಡಿಮೆಯಾದೀತು, ಅಷ್ಟೇ. ಅದು ಹೊಡೆಯುವುದು ಲಿವರ್‌ಗೆ. ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ಪಟ್ಟಿಯಲ್ಲೂ ಇದೆ. ನಮ್ಮ ದೇಶದಲ್ಲಿ ಧಾನ್ಯಕ್ಕೆ ಇರುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಅಂದರೆ ಒಂದು ಟನ್ನಿಗೆ ಬರೀ 15 ಮಿಲಿಗ್ರಾಂ! ಇಷ್ಟು ಕಡಿಮೆ ವಿಷ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ.

1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂತು. ಬೂಷ್ಟು ಹಿಡಿದ ಮೆಕ್ಕೆಜೋಳವನ್ನೇ ಜನ ತಿಂದರು, ಬೇರೆ ದಾರಿ ಇರಲಿಲ್ಲ. 100ಕ್ಕೂ ಹೆಚ್ಚು ಜನ ಸತ್ತರು. 1995ರಲ್ಲಿ ಕರ್ನಾಟಕದ ಕೆಲವು ಹಳ್ಳಿಗಳಲ್ಲೂ ಮಳೆಗೆ ಸಿಕ್ಕಿದ ಜೋಳ ತಿಂದು ಜನಕ್ಕೆ ಹೊಟ್ಟೆನೋವು, ಭೇದಿ ಶುರುವಾಯಿತು. ಅಲ್ಲಿದ್ದ ವಿಷ ಬೇರೆ, ಫ್ಯುಮೊನಿಸಿನ್ ಅಂತ. ಎರಡೂ ಕಡೆ ತಿಂದವರು ಬಡವರು. ನನಗೆ ಇದರಲ್ಲಿ ಹೆಚ್ಚು ನೋವಾಗುವುದು ಅದೇ.

[ದೃಶ್ಯ: ನೆನೆಸುವುದು, ಮೊಳಕೆ, ಒಣಗಿಸುವುದು]

ಮಾಲ್ಟ್, ಅಂದರೆ ಮೊಳಕೆ ಕಟ್ಟಿ ಒಣಗಿಸಿದ ಕಾಳಿಗೆ ಯಾಕೆ ಅಪಾಯ ಜಾಸ್ತಿ? ಕಾಳು ಮೊಳೆಯಲು ಏನು ಬೇಕೋ ಬೂಷ್ಟಿಗೂ ಅದೇ ಬೇಕು: ನೀರು, ಬೆಚ್ಚಗಿನ ಜಾಗ, ಸಮಯ. ಬಿಯರ್‌ಗೆ ಬಾರ್ಲಿ ಮಾಲ್ಟ್ ಮಾಡುವ ದೊಡ್ಡ ಕಾರ್ಖಾನೆಗಳಿಗೂ ಈ ತಲೆನೋವು ಇದೆ. ಹೊಲದಲ್ಲೇ ತೆನೆಗೆ ಬರುವ ಫ್ಯುಸೇರಿಯಂ ಫಂಗಸ್ ಡಾನ್ ಎಂಬ ವಿಷ ಬಿಡುತ್ತದೆ. ನೆನೆಸಿದಾಗ ಅದರಲ್ಲಿ ಸ್ವಲ್ಪ ನೀರಿನ ಜೊತೆ ಹೋಗುತ್ತದೆ. ಆದರೆ ಮೊಳಕೆಯ ಹೊತ್ತಿಗೆ ಫಂಗಸ್ ಮತ್ತೆ ಚಿಗುರಿ ಹೊಸ ವಿಷ ಸೇರಿಸಬಹುದು. ಅದಕ್ಕೇ ಅವರು ಬಾರ್ಲಿ ಕೊಳ್ಳುವಾಗಲೇ ಪರೀಕ್ಷೆ ಮಾಡಿಸುತ್ತಾರೆ.

ನಮ್ಮ ಮನೆಗಳಲ್ಲಿ ಆ ಪರೀಕ್ಷೆ ಇಲ್ಲ. ಹಾಗಾಗಿ ನನ್ನ ಮಾತು ನೇರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡಬೇಡಿ. ಆ ತಿಂಗಳುಗಳಲ್ಲಿ ಮಗುವಿಗೆ ಮೊಳಕೆ ಕಟ್ಟದ, ಚೆನ್ನಾಗಿ ಒಣಗಿದ ರಾಗಿ ಹಿಟ್ಟಿನ ಸರಿ ಸಾಕು. ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆ ಬಿಸಿಲಿರುತ್ತದೆ, ಆಗ ಮಾಡಿ. ನೆನೆಸಿದ ನೀರು ಬದಲಿಸಿ. ಮೊಳಕೆ ಮೂತಿ ತೋರಿಸಿದ ಕೂಡಲೇ ಕಣದಲ್ಲಿ ತೆಳ್ಳಗೆ ಹರಡಿ. ಉದ್ದ ಬರಲಿ ಅಂತ ಕಾಯಬೇಡಿ.

[ದೃಶ್ಯ: ಗಾಜಿನ ಬಾಟಲಿ, ಉಪ್ಪು, ಕಾಳು]

ಕಾಫಿ ಮಾರುವಾಗ ಮಾಯಿಶ್ಚರ್, ಅಂದರೆ ತೇವ, ಎಷ್ಟು ಅಂತ ಕೇಳುತ್ತೇವೆ. ಮನೆಯ ಭತ್ತ, ಕುಶಾಲನಗರದ ಕಡೆಯ ಮೆಕ್ಕೆಜೋಳಕ್ಕೆ ಯಾಕೆ ಕೇಳುವುದಿಲ್ಲ? ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೂ ವಾಯುಭಾರ ಕುಸಿತದ ಮಳೆ ಬರುವುದುಂಟು. ಮೀಟರ್ ಇಲ್ಲದಿದ್ದರೆ ಹೀಗೆ ಮಾಡಿ. ಒಣ ಗಾಜಿನ ಬಾಟಲಿಗೆ ಒಣ ಉಪ್ಪು, ಒಂದು ಹಿಡಿ ಕಾಳು ಹಾಕಿ ಚೆನ್ನಾಗಿ ಕುಲುಕಿ ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇಕಡ 15ಕ್ಕಿಂತ ಜಾಸ್ತಿ ಇದೆ. ಮತ್ತೆ ಒಣಗಿಸಿ, ಆಮೇಲೆ ಮೂಟೆ ಕಟ್ಟಿ. ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸಬೇಡಿ.

ಹಾಳಾದದ್ದನ್ನು ಹಂದಿಗೆ ಹಾಕುವುದು ನಮ್ಮ ಕಡೆ ರೂಢಿ. ಡಾನ್ ವಿಷಕ್ಕೆ ಹಂದಿಯೇ ಬೇಗ ಬಗ್ಗುತ್ತದೆ. ಮೇವು ಬಿಡುತ್ತದೆ, ವಾಂತಿ ಮಾಡುತ್ತದೆ. ಹಸುವಿಗೆ ಹಾಕಿದರೆ ಅಫ್ಲಾಟಾಕ್ಸಿನ್ ರೂಪ ಬದಲಿಸಿ ಒಂದೇ ದಿನದಲ್ಲಿ ಹಾಲಿಗೆ ಬರುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಮಗುವಿಗೆ ಬೇಡ ಅಂತ ತೆಗೆದಿಟ್ಟದ್ದು ಹಾಲಿನ ದಾರಿಯಲ್ಲಿ ಮಗುವಿಗೇ ಸಿಗುತ್ತದೆ. ಬೂಷ್ಟು ಹಿಡಿದ ಕಾಳನ್ನು ಕೋಳಿ, ಹಂದಿ ಕೆದಕದಷ್ಟು ಆಳಕ್ಕೆ ಹೂತುಬಿಡಿ.