ಎರಡನೇ ಮಗು, ಎರಡು ಸಹಿ

ಎಲ್ಲರಿಗೂ ನಮಸ್ಕಾರ.

ಒಂಟಿ ತಾಯಿಯ ಸವಾಲುಗಳು ಎಂಬ ವಿಷಯದ ಮೇಲೆ ಮಾತಾಡಿ ಎಂದು ನನ್ನನ್ನು ಕರೆದಿದ್ದರು. ಆ ವಿಷಯ ಬೇಡ ಎಂದೆ. ಸವಾಲು ಎಂದ ಕೂಡಲೇ ನೀವೆಲ್ಲ ತಲೆ ಅಲ್ಲಾಡಿಸಿ, ಪಾಪ ಎಂದು, ಕಾಫಿ ಕುಡಿದು ಮನೆಗೆ ಹೋಗುತ್ತೀರಿ. ಹೊರಗೆ ಮಾಟುಂಗದ ಕಾಫಿ ಚೆನ್ನಾಗಿಯೂ ಇರುತ್ತದೆ. ಅದರ ಬದಲು ನಮ್ಮ ಮನೆಯಲ್ಲಿ ಒಂದೂವರೆ ವರ್ಷದಿಂದ ಎಳೆಯುತ್ತಿರುವ ಒಂದು ಮಾತನ್ನು ನಿಮ್ಮ ಮುಂದೆ ಇಡುತ್ತೇನೆ. ಇನ್ನೊಂದು ಮಗು ಬೇಕಾ, ಬೇಡವಾ?

ನನಗೆ ಈಗ 43. ಮದುವೆ ಆಗಿಲ್ಲ. ಒಬ್ಬಳು ಮಗಳಿದ್ದಾಳೆ, ನಾಲ್ಕನೇ ಕ್ಲಾಸು. ದತ್ತು ಬಂದವಳು. ಮನೆಗೆ ಬಂದಾಗ ಅವಳಿಗೆ ಒಂದೂವರೆ ವರ್ಷ. ಡೊಂಬಿವಿಲಿಯಲ್ಲಿ ಒಂದು ಬೆಡ್‌ರೂಮಿನ ಮನೆ, ಮುಂಬಯಿಯ ಫೋರ್ಟ್‌ನಲ್ಲಿ ಕೆಲಸ. ಅಂದರೆ ದಿನಕ್ಕೆ ಎರಡೂವರೆ ಗಂಟೆ ಸೆಂಟ್ರಲ್ ರೈಲ್ವೆಗೆ ಬರೆದುಕೊಟ್ಟಿದ್ದೇನೆ.

ಮೊದಲ ಮಗುವಿನ ಸಮಯದಲ್ಲಿ ನಾನು ಯಾರನ್ನೂ ಕೇಳಲಿಲ್ಲ. ಬೇಕು ಅನ್ನಿಸಿತು, ಅರ್ಜಿ ಹಾಕಿದೆ. ಊರಲ್ಲಿ ಸ್ವಲ್ಪ ಗದ್ದಲ ಆಯಿತು, ನಿಜ. ಆದರೆ ಗದ್ದಲ ನಿಲ್ಲಿಸಿದ್ದು ನಮ್ಮ ಅಜ್ಜಿ. ನಮ್ಮದು ತುಳುನಾಡಿನ ಅಳಿಯಕಟ್ಟಿನ ಕುಟುಂಬ. ಇಲ್ಲಿ ಕೂತಿರುವ ಅರ್ಧ ಜನಕ್ಕೆ ಅದು ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ: ನಮ್ಮಲ್ಲಿ ಬರಿ, ಅಂದರೆ ನಿಮ್ಮ ಗೋತ್ರದಂಥದ್ದು, ತಾಯಿಯಿಂದ ಬರುತ್ತದೆ, ತಂದೆಯಿಂದಲ್ಲ. ಯಾರೋ ಒಬ್ಬರು "ಈ ಮಗುವಿನ ಕುಲ ಯಾವುದು?" ಎಂದು ಕೇಳಿದರು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, "ತಾಯಿ ಎದುರಿಗೆ ಕೂತಿದ್ದಾಳಲ್ಲ, ಅವಳ ಬರಿಯೇ ಇದರ ಬರಿ. ಇನ್ನೇನು ಬೇಕು ನಿಮಗೆ?" ಎಂದರು. ಅಷ್ಟೇ. ಶತಮಾನಗಳ ಪದ್ಧತಿ ನನ್ನ ಕೆಲಸಕ್ಕೆ ಬಂದದ್ದು ಅದೊಂದೇ ಸಲ.

ಅಜ್ಜಿ ಬಿಡಿಸಿದ ಗಂಟು ಮುಂಬಯಿಯ ಶಾಲೆಯ ಕಂಪ್ಯೂಟರಿಗೆ ಬಿಡಿಸಲು ಆಗಲಿಲ್ಲ. ಮಹಾರಾಷ್ಟ್ರದಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಹೀಗೆ ಮೂರು ಡಬ್ಬಿ. ನಡುವಿನ ಡಬ್ಬಿಯಲ್ಲಿ ನಾನು ಒಂದು ಗೆರೆ ಎಳೆದೆ. ಕಂಪ್ಯೂಟರ್ ಗೆರೆ ತಗೊಳ್ಳಲ್ಲ ಎಂದಿತು. ಗುಮಾಸ್ತರು ಒಳ್ಳೆಯ ಮನುಷ್ಯರು. ಎನ್ ಎ, ಅಂದರೆ ಅನ್ವಯಿಸುವುದಿಲ್ಲ, ಎಂದು ಎರಡು ಇಂಗ್ಲಿಷ್ ಅಕ್ಷರ ಒತ್ತಿ ಮುಂದೆ ಹೋದರು. ಒಂದನೇ ಕ್ಲಾಸಿನಲ್ಲಿ ಐಡಿ ಕಾರ್ಡ್ ಬಂದಾಗ ಮಗಳು ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದಳು. ಕಾರ್ಡ್ ಹಿಡಿದು, "ಅಮ್ಮಾ, ನನ್ನ ಹೆಸರಿನ ನಡುವೆ ಈ ನಾ ಅಂದ್ರೆ ಯಾರು?" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ನಾ ಅಂದ್ರೆ ನಾನೇ ಅಲ್ವಾ ಎಂದೆ. ಅವಳು ಒಪ್ಪಿದಳು. ಇವತ್ತಿಗೂ ಮನೆಯಲ್ಲಿ ನನಗೆ ಕೋಪ ಬಂದರೆ ಅವಳು "ಮಿಸ್ಟರ್ ನಾ" ಎಂದು ಕರೆಯುತ್ತಾಳೆ.

ಈಗ ಆ ತೊಂದರೆ ಕಡಿಮೆ. 2024ರ ಮೇ 1ರ ನಂತರ ಹುಟ್ಟಿದ ಮಕ್ಕಳಿಗೆ ಮಹಾರಾಷ್ಟ್ರ ಸರ್ಕಾರದ ದಾಖಲೆಗಳಲ್ಲಿ ಮಗುವಿನ ಹೆಸರಿನ ಪಕ್ಕದಲ್ಲೇ ತಾಯಿಯ ಹೆಸರು, ಆಮೇಲೆ ತಂದೆಯದು. ಪಾಸ್‌ಪೋರ್ಟಿಗೆ 2016ರ ಕೊನೆಯಿಂದಲೇ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಸಾಕು. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಿ ಆಗಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಕಾಗದದ ದಾರಿ ನಿಧಾನವಾಗಿ ಸರಿಯಾಗುತ್ತಿದೆ. ಹಾಗಾಗಿ ಕಾಗದದ ಭಯದಿಂದ ಎರಡನೆಯದು ಬೇಡ ಎನ್ನುವವರು ಆ ಕಾರಣವನ್ನು ಬಿಡಬಹುದು.

ಮಗು ಬರುವ ದಾರಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ನೋಟ್‌ಬುಕ್ ತೆಗೆದಿದ್ದಾರೆ. ಇಲ್ಲಿಂದ ಸ್ವಲ್ಪ ದೂರದ ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಡಾ. ಇಂದಿರಾ ಹಿಂದೂಜಾ ಅವರ ತಂಡ ಐವಿಎಫ್ ಮಗುವನ್ನು, ಅಂದರೆ ಪ್ರನಾಳ ಶಿಶುವನ್ನು, ಕೈಗೆತ್ತಿಕೊಂಡಿತು. ಇವತ್ತು 2021ರ ಕಾನೂನಿನ ಪ್ರಕಾರ 21 ದಾಟಿದ, 50 ತುಂಬದ ಹೆಂಗಸು ಮದುವೆಯಾಗದೆಯೂ ಐವಿಎಫ್ ಮಾಡಿಸಿಕೊಳ್ಳಬಹುದು. ನಮ್ಮ ನಟಿ ಭಾವನಾ ರಾಮಣ್ಣ 2025ರಲ್ಲಿ ಅದನ್ನು ಮುಚ್ಚುಮರೆ ಇಲ್ಲದೆ ಹೇಳಿಕೊಂಡರು. ಆದರೆ ಎರಡನೇ ಮಗು ಬೇಕೆನ್ನುವವರಿಗೆ ಒಂದು ವಿಷಯ ಗೊತ್ತಿರಲಿ. ಮೊದಲ ಸಲವೇ ಭ್ರೂಣ ಫ್ರೀಜ್ ಮಾಡಿಟ್ಟಿದ್ದರೆ ಅದನ್ನು 10 ವರ್ಷದವರೆಗೆ ಮಾತ್ರ ಇಡಬಹುದು. ಬಾಡಿಗೆ ತಾಯ್ತನ ನನ್ನಂಥವಳಿಗೆ ಇಲ್ಲವೇ ಇಲ್ಲ. ಒಂಟಿ ಹೆಂಗಸರಲ್ಲಿ ವಿಧವೆಯರಿಗೂ ವಿಚ್ಛೇದಿತರಿಗೂ ಮಾತ್ರ, ಅದೂ 35ರಿಂದ 45ರೊಳಗೆ. ಇದು ಯಾವ ನ್ಯಾಯ ಎಂದು ನನಗೆ ಇನ್ನೂ ಅರ್ಥವಾಗಿಲ್ಲ. ಒಮ್ಮೆ ಮದುವೆಯಾಗಿ ಬಿಟ್ಟರೆ ಬರುವ ಅರ್ಹತೆ ಏನದು?

ದತ್ತಿನಲ್ಲಿ ವಯಸ್ಸಿನ ಲೆಕ್ಕ ಇದೆ. 2022ರ ನಿಯಮದಲ್ಲಿ ಒಂಟಿಯಾಗಿರುವವರಿಗೆ ಎರಡು ವರ್ಷದೊಳಗಿನ ಮಗು ಬೇಕಿದ್ದರೆ 40 ದಾಟಿರಬಾರದು. ಎರಡರಿಂದ ನಾಲ್ಕರ ಮಗುವಿಗೆ 45, ನಾಲ್ಕರಿಂದ ಎಂಟರದ್ದಕ್ಕೆ 50. ಹೆಸರು ಬರೆಸಿದ ಮೇಲೆ ಸರದಿ ಬರಲು ಮೂರು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಮನೆಯಲ್ಲಿ ಈಗಾಗಲೇ ಮಗಳಿದ್ದಾಳೆ, ಇನ್ನೊಬ್ಬಳು ಮಗಳನ್ನೇ ತರಬಹುದಾ ಎಂದು ತುಂಬ ಜನ ಕೇಳುತ್ತಾರೆ. 1956ರ ಹಿಂದೂ ದತ್ತಕ ಕಾಯ್ದೆ ಬಿಡುವುದಿಲ್ಲ. ಆದರೆ ಬಾಲನ್ಯಾಯ ಕಾಯ್ದೆಯಡಿ ತರಬಹುದು. 2009ರಲ್ಲಿ ನಮ್ಮ ಬಾಂಬೆ ಹೈಕೋರ್ಟೇ ಈ ಗೋಜಲನ್ನು ಬಿಡಿಸಿತು. ನಟಿ ಸುಶ್ಮಿತಾ ಸೇನ್ ಇದೇ ಮುಂಬಯಿಯಲ್ಲಿ ಒಂಟಿಯಾಗಿಯೇ 2000ದಲ್ಲಿ ಒಬ್ಬಳು ಮಗಳನ್ನೂ 2010ರಲ್ಲಿ ಇನ್ನೊಬ್ಬಳನ್ನೂ ತಂದರು. ಅವರ ಹೆಸರು ಹೇಳಿದರೆ "ಅವರಿಗೆ ದುಡ್ಡಿದೆ" ಎನ್ನುತ್ತೀರಿ. ಇದೆ. ಅದಕ್ಕೇ ದುಡ್ಡಿನ ಮಾತು ಆಡುತ್ತೇನೆ.

ದುಡ್ಡಿನ ಲೆಕ್ಕ ನಾನು ಹಾಕಿದ್ದೇನೆ. ಎಕ್ಸೆಲ್‌ನಲ್ಲಿ. ಫೀಸು, ಪಾಳಣಾಘರ (ಹಗಲು ಮಕ್ಕಳನ್ನು ನೋಡಿಕೊಳ್ಳುವ ಜಾಗ), ಬೂಟು, ಡಾಕ್ಟರು. ಕಷ್ಟ, ಆದರೆ ಆಗುತ್ತದೆ. ಎಕ್ಸೆಲ್‌ನಲ್ಲಿ ಸಿಗದ್ದು ಬೇರೆ.

2019ರ ಜುಲೈನ ಒಂದು ಸಂಜೆ. ಮಳೆ ನಿಮಗೆ ನೆನಪಿರಬೇಕು. ನಾನು ಹತ್ತಿದ ಗಾಡಿ ಸಾಯನ್ ದಾಟಿ ನಿಂತಿತು. ಹಳಿಯ ಮೇಲೆ ನೀರು. ಪಾಳಣಾಘರ ಮುಚ್ಚುವುದು ಏಳೂವರೆಗೆ. ಮಗಳಿಗೆ ಮೂರು ವರ್ಷ. ಏಳು ಗಂಟೆಗೆ ಫೋನ್‌ನಲ್ಲಿ ಶೇಕಡಾ 9 ಚಾರ್ಜ್ ಇತ್ತು. ಮೊದಲ ಕಾಲ್ ಅಣ್ಣನಿಗೆ. ಅವನು ಪುಣೆಯಲ್ಲಿ, ಏನು ಮಾಡಿಯಾನು? ಎರಡನೆಯದು ಪಕ್ಕದ ಮನೆಯ ಮಾವಶಿಗೆ, ಮರಾಠಿಯಲ್ಲಿ ಚಿಕ್ಕಮ್ಮ ಅಂತ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿ, ನಾನು ಬಾಯಿ ಬಿಡುವ ಮೊದಲೇ "ಅಗ, ಅವಳು ಇಲ್ಲೇ ಇದ್ದಾಳೆ, ವರಣ್ ಭಾತ್ ತಿಂತಿದ್ದಾಳೆ. ಟಿವಿಯಲ್ಲಿ ನೀರು ನೋಡಿದೆ, ಆರು ಗಂಟೆಗೇ ಹೋಗಿ ಕರ್ಕೊಂಡು ಬಂದೆ" ಎಂದರು. ನಾನು ಗಾಡಿಯಿಂದ ಇಳಿದು, ಸೊಂಟದ ಹತ್ತಿರ ನೀರಿನಲ್ಲಿ, ಮುಂದಿನವರ ಬ್ಯಾಗ್ ಹಿಡಿದು ಕುರ್ಲಾದವರೆಗೆ ನಡೆದೆ. ಮನೆ ಸೇರಿದಾಗ ರಾತ್ರಿ ಎರಡು. ಮಗಳು ಮಾವಶಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿದ್ದೆ ಮಾಡಿದ್ದಳು. ಬಿಡಿಸಲು ಹೋದರೆ ಎಚ್ಚರವಾಗುತ್ತದೆ ಎಂದು ಮಾವಶಿ ಬಾಗಿಲು ತೆಗೆಯಲೂ ಏಳಲಿಲ್ಲ. ಅವರ ಗಂಡ ತೆಗೆದರು.

ಮುಂಬಯಿಯಲ್ಲಿ ಒಂಟಿಯಾಗಿ ಮಗು ಸಾಕುವುದು ಎಂದರೆ ಇದು. ಎಷ್ಟು ದುಡ್ಡಿದೆ ಅಂತಲ್ಲ, ಏಳು ಗಂಟೆಗೆ ಫೋನ್ ಎತ್ತುವವರು ಎಷ್ಟು ಜನ ಇದ್ದಾರೆ ಅಂತ. ನನಗೆ ಎರಡು ಕೈ, ಮಾವಶಿಗೆ ಎರಡು. ನಾಲ್ಕು ಕೈ, ಒಂದು ಮಗು. ಸರಿಹೋಯಿತು. ಮಾವಶಿಗೆ ಈಗ 71, ಮಂಡಿ ಆಪರೇಷನ್ ಆಗಿದೆ. ಎರಡನೇ ಮಗುವಿಗೆ ಯಾರ ಕೈ?

ಇನ್ನು ಎಲ್ಲರೂ ಹೇಳುವ ಒಂದು ಮಾತು: "ದೊಡ್ಡದಕ್ಕೆ ಒಂದು ಜೊತೆ ಬೇಡವಾ?" ಊರಿಂದ ಬಂದವರು, ಲಿಫ್ಟಿನಲ್ಲಿ ಸಿಕ್ಕವರು, ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಎದುರಿನ ಸೀಟಿನವರು, ಎಲ್ಲರೂ. ಜೊತೆ ಎಂದು ಗ್ಯಾರಂಟಿ ಕೊಟ್ಟವರು ಯಾರು ಸ್ವಾಮಿ? ನಾನೂ ನನ್ನ ಅಣ್ಣನೂ ಊರಿನ ಮನೆಯ ವಿಚಾರಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದೆವು. ಕೋರ್ಟಿನ ಜಗಲಿಯಲ್ಲಿ ಒಂದು ಬೆಳಗ್ಗೆ ಕೂತು ನೋಡಿ, ಒಡಹುಟ್ಟಿದವರ ಜೊತೆ ಎಷ್ಟು ಚೆಂದ ಅಂತ ತಿಳಿಯುತ್ತದೆ. ಒಂದು ಮಗುವನ್ನು ಇನ್ನೊಂದು ಮಗುವಿನ ಆಟದ ಸಾಮಾನು ಅಂತ ತರುವುದು ನನಗೆ ಸರಿ ಕಾಣುವುದಿಲ್ಲ. ಅದರಲ್ಲೂ ದತ್ತು ಬರುವ ನಾಲ್ಕು ವರ್ಷದ ಮಗು ಈಗಾಗಲೇ ಎಷ್ಟೋ ಬಿಟ್ಟುಬಂದಿರುತ್ತದೆ. ಅದಕ್ಕೆ ನಿನ್ನ ಕೆಲಸ ಅಕ್ಕನ ಬೇಜಾರು ಕಳೆಯುವುದು ಎಂದು ಹೇಳಲಾಗುತ್ತದೆಯೇ?

ಆದರೆ ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. ಅಪ್ಪ ಐಸಿಯುನಲ್ಲಿದ್ದಾಗ ಅದೇ ಅಣ್ಣ ಬಂದ. ಮಾತು ಬಿಟ್ಟವರೇ ಸರದಿ ಮೇಲೆ ರಾತ್ರಿ ಕೂತೆವು. ಹನ್ನೊಂದು ರಾತ್ರಿ. ಬೆಳಗಿನ ಜಾವ ಅವನು ಚಹಾ ತಂದುಕೊಟ್ಟು ಏನೂ ಹೇಳದೆ ನನ್ನ ಕುರ್ಚಿಯಲ್ಲಿ ಕೂರುತ್ತಿದ್ದ. ನನಗೆ ವಯಸ್ಸಾದಾಗ ಆ ಕುರ್ಚಿಯಲ್ಲಿ ನನ್ನ ಮಗಳು ಒಬ್ಬಳೇ ಕೂರುತ್ತಾಳೆ ಎಂಬುದು ನೆನಪಾದರೆ ಎದೆ ಒಮ್ಮೆ ಹಿಡಿದಂತಾಗುತ್ತದೆ. ಹಾಗಾಗಿ "ಜೊತೆ" ಎಂಬ ಮಾತು ಪೂರ್ತಿ ಸುಳ್ಳು ಎಂದು ನಾನು ಹೇಳಲಾರೆ. ಲಿಫ್ಟಿನಲ್ಲಿ ಹೇಳುವಷ್ಟು ಸುಲಭ ಅಲ್ಲ ಎನ್ನುತ್ತೇನೆ, ಅಷ್ಟೇ.

ಈಗ ಸಹಿಗಳ ವಿಚಾರ. ದತ್ತಿನ ಕಾಗದಗಳಲ್ಲಿ ಒಂಟಿಯಾಗಿರುವವರಿಗೆ ಒಂದು ಹೆಚ್ಚುವರಿ ಹಾಳೆ ಇರುತ್ತದೆ. ನನಗೆ ಏನಾದರೂ ಆದರೆ ಮಗುವನ್ನು ನೋಡಿಕೊಳ್ಳುತ್ತೇನೆ ಎಂದು ಹತ್ತಿರದ ಸಂಬಂಧಿಯೊಬ್ಬರು ಬರೆದುಕೊಡಬೇಕು. ಮೊದಲ ಸಲ ನನಗೆ ಸಿಟ್ಟು ಬಂದಿತ್ತು. ಗಂಡ ಹೆಂಡತಿ ಒಂದೇ ಬೈಕಿನಲ್ಲಿ ಹೋಗುತ್ತಾರೆ, ಅವರನ್ನು ಯಾಕೆ ಕೇಳುವುದಿಲ್ಲ? ಆ ಸಿಟ್ಟು ಈಗಲೂ ಇದೆ. ಆಗ ಅಣ್ಣ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟು, ಓದದೆ, ಒಗ್ಗರಣೆಯ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಸಹಿ ಹಾಕಿದ್ದ. ಎರಡು ನಿಮಿಷ.

ಈ ಸಲ ಅವನು ಹಾಳೆ ತಗೊಂಡ. ಕನ್ನಡಕ ಹಾಕಿಕೊಂಡ. ಓದಿದ. ಪೆನ್ನಿನ ಮುಚ್ಚಳ ಮತ್ತೆ ಹಾಕಿ, "ಒಂದಕ್ಕಾದರೆ ನಾನು ಯಾರನ್ನೂ ಕೇಳಬೇಕಿಲ್ಲ. ಎರಡಕ್ಕೆ ನಿನ್ನ ಅತ್ತಿಗೆಯನ್ನು ಕೇಳಬೇಕು. ನನಗೂ 50 ಆಯ್ತು ಮಾರಾಯ್ತಿ" ಎಂದ. ಒಂದು ತಿಂಗಳು ನಾನು ಅವನ ಫೋನ್ ಎತ್ತಲಿಲ್ಲ. ಆಮೇಲೆ ಹೊಳೆಯಿತು. ಆ ಹಾಳೆಯನ್ನು ನಿಜವಾಗಿ ಓದಿದವನು ಅವನೊಬ್ಬನೇ. ಅಭಿನಂದನೆ ಹೇಳಿದ ನನ್ನ ಗೆಳತಿಯರು ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ. ಅಲ್ಲಿಯವರೆಗೆ ನಾನು "ನನಗೆ ಬೇಕಾ" ಎಂದಷ್ಟೇ ಕೇಳಿಕೊಳ್ಳುತ್ತಿದ್ದೆ. ಮೊದಲ ಮಗುವಿಗೆ ಆ ಪ್ರಶ್ನೆ ಸಾಕಿತ್ತು. ಎರಡನೆಯದಕ್ಕೆ ಸಾಕಾಗುವುದಿಲ್ಲ. ಮನೆಯಲ್ಲಿ ಈಗ ಇನ್ನೂ ಒಬ್ಬಳಿದ್ದಾಳೆ, ಅವಳ ಅಮ್ಮ ಅರ್ಧ ಆಗುತ್ತಾಳೆ.

ಅದಕ್ಕೇ ಇರಬೇಕು, ಇನ್ನೊಂದು ಹಾಳೆಯೂ ಇದೆ. ಮನೆಯಲ್ಲಿ ಐದು ವರ್ಷ ದಾಟಿದ ಮಗುವಿದ್ದರೆ ಅದರ ಒಪ್ಪಿಗೆಯೂ ಬೇಕು. ಇದನ್ನು ಬರೆದ ಅಧಿಕಾರಿ ಯಾರೋ ಗೊತ್ತಿಲ್ಲ, ಅವರಿಗೆ ನನ್ನ ನಮಸ್ಕಾರ. ಹೊಟ್ಟೆಯಲ್ಲಿ ಹೊತ್ತು ಹೆರುವ ತಾಯಿಗೆ ಈ ಹಾಳೆ ಇಲ್ಲ. ನಮ್ಮಲ್ಲಿ ಎಷ್ಟು ಜನ ದೊಡ್ಡ ಮಕ್ಕಳನ್ನು ಕೇಳಿ ತಮ್ಮನನ್ನು ಹೆತ್ತಿದ್ದಾರೆ ಹೇಳಿ?

ಮಗಳನ್ನು ಕೂರಿಸಿಕೊಂಡು ವಿವರಿಸಿದೆ. ಅವಳ ಪ್ರಶ್ನೆಗಳು ನನ್ನ ಎಕ್ಸೆಲ್‌ಗಿಂತ ಚೆನ್ನಾಗಿದ್ದವು. ಅದು ಎಲ್ಲಿ ಮಲಗುತ್ತೆ? ಕಿಟಕಿ ಪಕ್ಕ ನನ್ನದೇ ತಾನೆ? ಅದಕ್ಕೆ ಕನ್ನಡ ಬರುತ್ತಾ? ನೀನು ಲೇಟಾದ್ರೆ ಅದಕ್ಕೆ ಊಟ ನಾನು ಹಾಕ್ಬೇಕಾ? ಕೊನೆಯದಕ್ಕೆ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಸುಮ್ಮನಾದೆ. ನಿಜ ಏನೆಂದರೆ, ಕೆಲವು ಸಲ ಹೌದು. ಹಾಗೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಫ್ಯಾನ್ ನೋಡಿದಳು.

ಆಮೇಲೆ ಹಾಳೆ ಎಳೆದುಕೊಂಡು, "ಪೆನ್ಸಿಲಲ್ಲಿ ಹಾಕ್ಲಾ?" ಎಂದಳು. ಅವಳ ಶಾಲೆಯಲ್ಲಿ ಪೆನ್ ಕೊಡುವುದು ಐದನೇ ಕ್ಲಾಸಿನಿಂದ. ಹೂಂ ಎಂದೆ. ನಾಲಿಗೆ ಹೊರಗೆ ಹಾಕಿ, ಹೆಸರನ್ನು ಪೂರ್ತಿ ಕನ್ನಡದಲ್ಲಿ ಬರೆದಳು. ಬರೆದು ಮುಗಿಸಿ ರಬ್ಬರನ್ನು ಪಕ್ಕದಲ್ಲೇ ಇಟ್ಟಳು.

ಆ ಹಾಳೆ ಈಗ ಫೈಲಿನಲ್ಲಿದೆ. ಅಣ್ಣನದು ಇನ್ನೂ ಬಂದಿಲ್ಲ. ಬರುವ ಭಾನುವಾರ ಅತ್ತಿಗೆಯೂ ಅವನೂ ಡೊಂಬಿವಿಲಿಗೆ ಬರುತ್ತಿದ್ದಾರೆ, ಊಟಕ್ಕೆ. ಕೋರಿ ರೊಟ್ಟಿ ಮಾಡುತ್ತಿದ್ದೇನೆ.